ಲಂಡನ್ನಿಗೆಷ್ಟು ಕದರು?

ಹುಕ್ಕೇರಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಬೀರಸಿದ್ದಪ್ಪನಿಗೆ ಹೆಂಡತಿ ಇದ್ದಳು, ಆದರೆ ಮೂಡಲಗಿಯಲ್ಲಿದ್ದಳು. ದೀಪಾವಳಿಗೆಂದು ತವರಿಗೆ ಹೋದ ಸೀತವ್ವನನ್ನು ಅವಳಪ್ಪ ಮಾಯಪ್ಪ ಯುಗಾದಿ ಕಳೆದರೂ ಕಳಿಸಿರಲಿಲ್ಲ. ಹುಕ್ಕೇರಿ ಬಹಳ ದೂರವಂತೆ. ಇತ್ತ ಅಳಿಯ ಮಹಾಶಯರು ತಾವೇ ರೊಟ್ಟಿ ಬಡಿದು ತಾವೇ ತಿನ್ನುತ್ತಿದ್ದರು. (ಎರಡನೆಯದೇ ಹೆಚ್ಚು ಕಷ್ಟದ ಕೆಲಸ.)

ಕಡೆಗೊಮ್ಮೆ ರಜೆ ಹಾಕಿ, ಕರೆತಂದೇ ತೀರುವೆನೆಂದು ಹೊರಟ. ನಸುಕಿನಲ್ಲಿ ಹತ್ತಿದ ಬಸ್ಸು ದಾರಿಯಲ್ಲಿ ಕೆಟ್ಟಿತು. ಗೋಕಾಕದಲ್ಲಿ ಹಿಡಿಯಬೇಕಾದ ಬಸ್ಸು ಅಷ್ಟರಲ್ಲಿ ಹೋಗಿತ್ತು. ಮಾವನ ಅಂಗಳ ಮುಟ್ಟಿದಾಗ ಮೇಯಲು ಹೋದ ಕುರಿಗಳೂ ತಿರುಗಿ ಬಂದಿದ್ದವು.

ಅದೃಷ್ಟಕ್ಕೆ ಮಾವನ ಮನಸ್ಸು ಕರಗಿತ್ತು. ಅತ್ತೆ ಪಾರವ್ವ ಮಗಳ ಬಟ್ಟೆಯ ಗಂಟು ಕಟ್ಟಿಸಿ ಪಡಸಾಲೆಗೆ ತಂದಿಟ್ಟಿದ್ದಳು. ಮಾಯಪ್ಪ ಕದರು ತಿರುಗಿಸಿ ಉಣ್ಣೆ ನೂಲುತ್ತ, ಕೊನೆಯ ಸಮಾಧಾನಕ್ಕೆಂಬಂತೆ, ಹುಕ್ಕೇರಿ ಅಂಥ ದೂರವೇನೂ ಅಲ್ಲವಲ್ಲ ಎಂದ. ಅಲ್ಲ ಎಂದಿದ್ದರೆ ಮುಗಿದಿತ್ತು. ಆದರೆ ಬೀರಸಿದ್ದಪ್ಪ ಮ್ಯಾಟ್ರಿಕ್ ಪಾಸಾದವನು.

ಈಗ ಜೆಟ್ ವಿಮಾನ ಬಂದಿದೆ, ಬೊಂಬಾಯಿಯ ನಿಲ್ದಾಣದಿಂದ ಲಂಡನ್ನಿನ ನಿಲ್ದಾಣಕ್ಕೆ ನಾಲ್ಕು ಸಾವಿರ ಮೈಲಿಗೂ ಮಿಗಿಲು, ಮುಂಜಾನೆ ಹತ್ತಿದವರು ಸಂಜೆಯೊಳಗೆ ಇಳಿಯುತ್ತಾರೆ, ಇಂಥ ಯುಗದಲ್ಲಿ ದೂರವೆಂಬುದೇ ಉಳಿದಿಲ್ಲ ಎಂದು ಭಾಷಣ ಬಿಗಿದ. ಬಾಗಿಲ ಮರೆಯಲ್ಲಿ ಬಳೆ ಸದ್ದಾಯಿತು. ಹೆಂಡತಿ ಮೆಚ್ಚಿದಳೆಂದುಕೊಂಡು ವಿಮಾನವನ್ನು ಇನ್ನಷ್ಟು ಎತ್ತರಕ್ಕೆ ಏರಿಸಿದ. ಬಳೆ ಇನ್ನಷ್ಟು ಜೋರಾಯಿತು.

ಕುರಿಗಳ ಹಿಂದೆ ನಡೆಯುತ್ತ ನೂಲುವ ಮಾಯಪ್ಪನಿಗೆ ಮೈಲುಗಳಲ್ಲಿ ನಂಬಿಕೆಯಿರಲಿಲ್ಲ. ಕದರು ಒಮ್ಮೆ ತುಂಬುವುದರೊಳಗೆ ಮುಟ್ಟಿದ ಊರು ಒಂದು ಕದರು ದೂರ, ಅಷ್ಟೇ.

“ಇಮಾನದಾಗ ಕುಂತು ನೂತ್ರ ಲಂಡನ್ ಎಷ್ಟ ಕದರ ಆಗತೈತ್ರಿ?”

“ಐದಾರ ಆಗಬಹುದ್ರಿ ಮಾವಾ. ಅಷ್ಟ.”

“ನೀವ ಇವತ್ತ ಹುಕ್ಕೇರಿಯಿಂದ ಬರೂದ್ರಾಗ ಎಷ್ಟ ಆಕ್ಕಿದ್ದೂ?”

ಬೀರಸಿದ್ದಪ್ಪ ಸುಳ್ಳು ಹೇಳಲು ಬಾಯಿ ತೆರೆದ. ಆದರೆ ಹುಬ್ಬಿನವರೆಗೆ ಮೆತ್ತಿದ್ದ ಧೂಳು ಸಾಕ್ಷಿ ನುಡಿಯುತ್ತಿತ್ತು. “ಅವೂ… ಅಷ್ಟ ಆಕ್ಕಿದ್ದೂರಿ.”

ಮಾಯಪ್ಪ ಕದರು ನಿಲ್ಲಿಸಿ ಹೆಂಡತಿಯತ್ತ ತಿರುಗಿದ. “ಕೇಳಿದೇನ? ಹುಡುಗೀನ ನಾವು ಲಂಡನ್ನಿಗೆ ಕೊಟ್ಟೇವಿ.”

ಅಳಿಯ ಮೈಲುಗಳ ಲೆಕ್ಕ ಬಿಡಿಸಹೋದ, ಕೇಳುವವರಿರಲಿಲ್ಲ. ಪಾರವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಗಂಟನ್ನು ಒಳಗೊಯ್ದಳು.

ಮರುದಿನ ಮುಂಜಾನೆ ಬುತ್ತಿ ಕೊಡಲು ಬಂದ ಸೀತವ್ವ ಗಂಡನ ಮುಖ ನೋಡಲಿಲ್ಲ.

“ಅಪ್ಪ ಹೂಂ ಅಂದಿದ್ದ. ಸುಮ್ಮಿರ್ರಿ ಅಂತ ಬಳಿ ಬಡದು ಬಡದು ಎರಡ ಒಡಕೊಂಡ್ನಿ. ನಿಮ್ಮ ಬಾಯಿ ಕಟ್ಟಿಕೊಂಡು ಬಾಳೇ ಮಾಡೂದಕ್ಕಿಂತ ಇಲ್ಲಿ ಕುರಿ ಕಾಯೂದ ಚಲೋ.”

ಅತ್ತೆ ಮಾತ್ರ ಬಸ್ಸಿನವರೆಗೂ ಬಂದಳು. ಲಂಡನ್ನಿನಲ್ಲಿ ಥಂಡಿ ಬಹಳವೆಂದು ಯಾರೋ ಹೇಳಿದ್ದರಂತೆ; ದಪ್ಪನೆಯ ಕರಿ ಕಂಬಳಿಯೊಂದನ್ನು ತಾನೇ ಅಳಿಯನಿಗೆ ಹೊದಿಸಿದಳು. ಅವಳೆದುರಿಗೆ ತೆಗೆಯುವಂತಿರಲಿಲ್ಲ. ಬೇಸಿಗೆಯ ಬಿಸಿಲಲ್ಲಿ ಬೀರಸಿದ್ದಪ್ಪ ಕಂಬಳಿ ಹೊದ್ದು ನಿಂತ. ಬಸ್ಸು ಬರುವವರೆಗೂ ಪಾರವ್ವ ಅಲ್ಲಿಂದ ಕದಲಲಿಲ್ಲ. ಬಸ್ಸು ಬಂದದ್ದು ಮಧ್ಯಾಹ್ನ.