ಟ್ಯೂಬಾ ಬಿಟ್ಟು ತೋಪು ಹಿಡಿದವನು

“ನನ್ನ ಅಳಿಯ ಆರು ವರ್ಷ ನೌಕಾಪಡೇಲಿದ್ದ. ಆರು ವರ್ಷದಲ್ಲಿ ಅವನು ಹೊಡೆದು ಉರುಳಿಸಿದ್ದೇನು, ಹೇಳಿ ನೋಡೋಣ?”

ಬ್ಯೂಫರ್ಡ್ ಸ್ಟ್ರೌಡ್ ಲೆರಾಯ್‌ನ ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತು, ಮುಖದ ತುಂಬ ನೊರೆ ಬಳಿಸಿಕೊಂಡು ಈ ಪ್ರಶ್ನೆ ಎಸೆದ. ಲೆರಾಯ್ ಕತ್ತಿ ಎತ್ತಿ ಹಿಡಿದ. ಬೆಂಚಿನ ಮೇಲಿದ್ದವರು ಪತ್ರಿಕೆ ಮಡಿಸಿದರು.

“ಒಂದು ಮ್ಯೂಸಿಕ್ ಸ್ಟ್ಯಾಂಡು! ಅದೂ ಗುರಿ ಇಟ್ಟಲ್ಲ, ಮೊಣಕೈ ತಗಲಿ!”

ಅಂಗಡಿಗೆ ಅಂಗಡಿಯೇ ನಕ್ಕಿತು. ಲೆರಾಯ್ ನಗುವ ರಭಸಕ್ಕೆ ಬ್ಯೂಫರ್ಡನ ಮೀಸೆಯ ಒಂದು ತುದಿ ಹೋಗುವುದರಲ್ಲಿತ್ತು. ಅದೇ ಬೆಂಚಿನ ಕೊನೆಯಲ್ಲಿ, ಟೊಪ್ಪಿಯನ್ನು ಮಂಡಿಯ ಮೇಲೆ ಇಟ್ಟುಕೊಂಡು ಸರದಿ ಕಾಯುತ್ತಿದ್ದ ಅಳಿಯ ಕ್ಲೆಮ್ ಹ್ಯಾಸ್ಕೆಟ್ ಮಾತ್ರ ನಗಲಿಲ್ಲ. ಅವನ ಕಿವಿ ಬೆಂದ ಏಡಿಯ ಹಾಗೆ ಕೆಂಪಾದವು.

ಕ್ಲೆಮ್ ನೌಕಾಪಡೆಯ ವಾದ್ಯಗೋಷ್ಠಿಯಲ್ಲಿ ಟ್ಯೂಬಾ ಊದುತ್ತಿದ್ದವನು. ನೀರು ಕಾಯಿಸುವ ಹಂಡೆಗೆ ಹೆಬ್ಬಾವು ಸುತ್ತಿಕೊಂಡ ಹಾಗಿರುತ್ತದೆ ಆ ಹಿತ್ತಾಳೆ ವಾದ್ಯ. ಹೊತ್ತವನ ಮುಖ ಯಾರಿಗೂ ಕಾಣಿಸದು, ಊದಿದವನ ಹೆಸರು ಯಾರಿಗೂ ಬೇಕಾಗದು. ದೊಡ್ಡ ಅಧಿಕಾರಿಗಳು ಹಡಗು ಹತ್ತಲಿ, ಇಳಿಯಲಿ, ನಿವೃತ್ತಿಯಾಗಲಿ, ಅವರ ಹೆಂಡತಿಯರು ರಿಬ್ಬನ್ ಕತ್ತರಿಸಲಿ, ಇವನು ಬಿಸಿಲಲ್ಲಿ ಬೆವರು ಸುರಿಸುತ್ತ ‘ಭೋಂ ಭೋಂ’ ಅನ್ನಬೇಕು. ಗೋಷ್ಠಿಯ ಮುಖ್ಯಸ್ಥ ವಿಟ್ಲಾಕ್ ಅವನ ಹೆಸರನ್ನೇ ‘ಭೋಂ’ ಎಂದು ಮಾಡಿಬಿಟ್ಟಿದ್ದ. ಅವನ ಹಂಗು ಸಾಕೆಂದು ಕ್ಲೆಮ್ ಹೋದ ತಿಂಗಳು ಕರಾರು ಮುಗಿಸಿ ಹೊರಬಿದ್ದಿದ್ದ. ಇನ್ನು ಭೂಸೇನೆ ಸೇರುವುದೆಂದು ನಿರ್ಧಾರ. ಪರೀಕ್ಷೆ, ವೈದ್ಯರ ತಪಾಸಣೆ ಎಲ್ಲ ಮುಗಿದಿತ್ತು. ಯಾವ ಕೆಲಸ ಎಂದು ಆರಿಸಿಕೊಳ್ಳುವುದೊಂದು ಉಳಿದಿತ್ತು, ಅದು ಇವತ್ತು.

ಆರಿಸಬೇಕಾದದ್ದು ಕೆಲಸವಷ್ಟೇ ಅಲ್ಲ, ಒಂದು ಕುರ್ಚಿಯೂ ಹೌದು. ಬ್ಯೂಫರ್ಡನ ಮನೆಯ ಜಗಲಿಯಲ್ಲಿ ಎರಡು ತೂಗುಕುರ್ಚಿ ಇದ್ದವು. ಒಂದು ಅವನದು. ಇನ್ನೊಂದು ‘ಗುಂಡಿನ ಸದ್ದು ಕೇಳಿದವರಿಗೆ’. ಮದುವೆಯಾದಾಗಿನಿಂದ ಕ್ಲೆಮ್ ಬಿಯರ್ ಇಟ್ಟ ಐಸ್ ಪೆಟ್ಟಿಗೆಯ ಮುಚ್ಚಳದ ಮೇಲೆ ಕೂರುತ್ತಿದ್ದ. ಯಾರಿಗಾದರೂ ಬಿಯರ್ ಬೇಕಾದಾಗಲೆಲ್ಲ ಎದ್ದು ನಿಲ್ಲಬೇಕು. ಬ್ಯೂಫರ್ಡನ ಸ್ನೇಹಿತರಿಗೆ ಬಾಯಾರಿಕೆ ಜಾಸ್ತಿ. ಇನ್ನೆರಡು ತಿಂಗಳಿಗೆ ಹೆಂಡತಿ ರೊವೀನಾಗೆ ಹೆರಿಗೆ. ಹುಟ್ಟುವ ಮಗು ಕಣ್ಣು ಬಿಟ್ಟು ನೋಡಿದಾಗ ಅಪ್ಪ ಐಸ್ ಪೆಟ್ಟಿಗೆಯ ಮೇಲೆ ಇರಕೂಡದು. ಅಷ್ಟೇ ಅವನ ಹಟ.

“ಮಾವ,” ಎಂದು ಕ್ಲೆಮ್ ಎದ್ದ. “ಈಗ ಪಕ್ಕದ ಭರ್ತಿ ಕಚೇರಿಗೆ ಹೋಗ್ತಿದೀನಿ. ಬರುವಾಗ ನಿಮ್ಮ ಬಾಯಿ ಮುಚ್ಚಿಸೋ ಕೆಲಸ ತಗೊಂಡೇ ಬರ್ತೀನಿ.”

“ಏನಂದೆ?” ಬ್ಯೂಫರ್ಡ್ ಬಲಗಿವಿ ತಿರುಗಿಸಿದ. ಎಡಗಿವಿ ಪೂರ್ತಿ ಕಿವುಡು. ಮರುಭೂಮಿಯ ಯುದ್ಧದಲ್ಲಿ ಶತ್ರುವಿನ ಶೆಲ್ಲು ಪಕ್ಕದಲ್ಲೇ ಸಿಡಿದು ಆದದ್ದೆಂದು ಊರಿಗೆಲ್ಲ ಗೊತ್ತು. ಹೇಳಿದವನು ಅವನೇ.

“ಬಾಯಿ ಮುಚ್ಚಿಸ್ತಾನಂತೆ,” ಎಂದು ಲೆರಾಯ್ ಕೂಗಿ ಹೇಳಿದ. “ನಡೀರಿ, ನೋಡೇ ಬಿಡೋಣ!”

ಹೀಗೆ ಕ್ಲೆಮ್ ಒಬ್ಬನೇ ಹೋಗಬೇಕಾದ ಕಡೆಗೆ ದಿಬ್ಬಣವೇ ಹೊರಟಿತು. ಕೊರಳಿಗೆ ಬಿಳಿ ಬಟ್ಟೆ, ಅರ್ಧ ಕೆನ್ನೆಗೆ ನೊರೆ ಇದ್ದ ಬ್ಯೂಫರ್ಡ್, ಕತ್ತಿ ಹಿಡಿದ ಲೆರಾಯ್. ಸದ್ದು ಕೇಳಿ ಎದುರಿನ ಡೋನಟ್ ಅಂಗಡಿಯ ಮಿಸ್ ಪರ್ಲ್ ಕೂಡ ಒಂದು ಡಬ್ಬಿ ಡೋನಟ್ ಎತ್ತಿಕೊಂಡು ಸೇರಿಕೊಂಡಳು.

ಭರ್ತಿ ಕಚೇರಿಯ ಸಾರ್ಜೆಂಟ್ ಯೋಲಾಂಡಾ ಕ್ರೂಸ್ ಬಾಗಿಲಲ್ಲಿ ಕತ್ತಿ ಕಂಡು ಎದ್ದು ನಿಂತಳು. ಡೋನಟ್ ಕಂಡು ಕೂತಳು.

“ಕೆಲಸ ಆರಿಸೋದು ಯಾರು? ಒಬ್ಬರಾ, ಊರಾ?”

“ನಾನು,” ಎಂದ ಕ್ಲೆಮ್.

“ಅಡುಗೆ ಕೆಲಸ ತಗೋ ಕಂದ, ಹೊಟ್ಟೆಗೆ ಮೋಸ ಇಲ್ಲ,” ಎಂದಳು ಮಿಸ್ ಪರ್ಲ್.

“ಹೆಲಿಕಾಪ್ಟರ್ ರಿಪೇರಿ! ಹೊರಗೆ ಬಂದ ಮೇಲೂ ಊಟ ಹಾಕುತ್ತೆ,” ಎಂದ ಲೆರಾಯ್.

“ಟ್ಯಾಂಕು,” ಎಂದ ಬ್ಯೂಫರ್ಡ್. “ಇವನ ಗಾತ್ರಕ್ಕೆ ಅದರ ಬಾಗಿಲು ಸಾಲದು. ಮೇಲಿಂದ ಕಾಲಲ್ಲಿ ಒತ್ತಬೇಕಾಗುತ್ತೆ.”

ಯೋಲಾಂಡಾ ಕಂಪ್ಯೂಟರಿನಲ್ಲಿ ಬೆರಳಾಡಿಸಿದಳು. ಅವಳ ಮುಖ ಅರಳಿತು. “ನಿನ್ನ ಅದೃಷ್ಟ ನೋಡು! ಬೇರೆ ಪಡೆಯಿಂದ ಬಂದವರಿಗೆ ಬರೋ ಕೆಲಸ ಏನು ಅಂತ ಸೇನೆ ಮೊದಲು ನೋಡುತ್ತೆ. ನಿನಗೆ ತಕ್ಷಣ ಜಾಗ ಇದೆ. ತರಬೇತಿ ಬೇಡ, ಏನೂ ಬೇಡ.”

“ಯಾವುದು?”

“ಟ್ಯೂಬಾ.”

ಈ ಸಲದ ನಗುವಿಗೆ ಕಿಟಕಿಯ ಗಾಜು ಅದುರಿತು. ಮಿಸ್ ಪರ್ಲ್ ಕೈಯಿಂದ ಒಂದು ಡೋನಟ್ ಜಾರಿ ಉರುಳಿ ಬಾಗಿಲಾಚೆಗೆ ಹೋಯಿತು, ತನಗೂ ನಾಚಿಕೆಯಾದ ಹಾಗೆ.

“ಟ್ಯೂಬಾ ಬಿಟ್ಟು ಏನಾದ್ರೂ ಕೊಡಿ!” ಕ್ಲೆಮ್ ಮೇಜು ಗುದ್ದಿದ. “ಚರಂಡಿ ತೋಡ್ತೀನಿ, ಹೇಸರಗತ್ತೆ ಮೇಯಿಸ್ತೀನಿ. ಊದಲ್ಲ!”

“ಸರಿ ಮಾರಾಯ. ಹೆಲಿಕಾಪ್ಟರ್?” ಅವಳು ತಪಾಸಣೆಯ ವರದಿ ನೋಡಿದಳು. “ಊಹೂಂ. ನಿನಗೆ ಕೆಂಪು ಹಸಿರು ಗೊತ್ತಾಗಲ್ಲ. ತಪ್ಪು ತಂತಿ ಜೋಡಿಸ್ತೀಯ. ಟ್ಯಾಂಕು ಇದೆ, ಟೆಕ್ಸಾಸಿಗೆ ಹೋಗ್ತೀಯಾ?”

ಹೆಂಡತಿಗೆ ಫೋನು ಮಾಡಲಾಯಿತು. ರೊವೀನಾಳ ಉತ್ತರ ಫೋನಿಲ್ಲದೆಯೂ ಕೇಳಿಸುತ್ತಿತ್ತು. “ಊರ ಸೇತುವೆ ದಾಟಿ ಆಚೆ ಹೋದ್ರೆ ಮಗು ಹೆರೋದು ನೀನೇ!”

ಯೋಲಾಂಡಾ ನಿಟ್ಟುಸಿರು ಬಿಟ್ಟು ಮತ್ತೆ ಹುಡುಕಿದಳು. ಹುಡುಕುತ್ತ ಹುಡುಕುತ್ತ ಎರಡು ಡೋನಟ್ ಖಾಲಿಯಾದವು. ಆಮೇಲೆ ಅಗಿಯುವುದನ್ನು ನಿಲ್ಲಿಸಿದಳು.

“ತೋಪಿನ ದಳ. ಇಲ್ಲೇ, ನಮ್ಮೂರ ಕೋಟೇಲಿ. ತರಬೇತಿ ಕೂಡ ಇಲ್ಲೇ. ಒಬ್ಬನೇ ಬೇಕು, ಏನೋ ವಿಶೇಷ ಅರ್ಹತೆ ಕೇಳಿದಾರೆ... ಅರೆ, ಅದೂ ನಿನ್ನ ಹತ್ರ ಇದೆ!”

‘ಏನದು ಅರ್ಹತೆ’ ಎಂದು ಆ ಗಳಿಗೆಯಲ್ಲಿ ಕೇಳಬೇಕಿತ್ತು. ಬುದ್ಧಿ ಇದ್ದವನು ಕೇಳುತ್ತಿದ್ದ. ಆದರೆ ‘ತೋಪು’ ಎಂಬ ಮಾತು ಕಿವಿಗೆ ಬಿದ್ದದ್ದೇ ಲೆರಾಯ್ ಕ್ಲೆಮ್‌ನನ್ನು ತಬ್ಬಿಕೊಂಡ, ಮಿಸ್ ಪರ್ಲ್ ಕಣ್ಣೊರೆಸಿಕೊಂಡಳು. ಕ್ಲೆಮ್ ಯೋಲಾಂಡಾ ತೋರಿಸಿದ ಕಡೆಯೆಲ್ಲ ಸಹಿ ಹಾಕಿದ. ಉತ್ಸಾಹದಲ್ಲಿ ತೋರಿಸದ ಕಡೆಯೂ ಒಂದು ಹಾಕಿದ.

ಬ್ಯೂಫರ್ಡ್ ಮಾತ್ರ ಕೊರಳ ಬಟ್ಟೆಯಿಂದ ಕೆನ್ನೆಯ ನೊರೆ ಒರೆಸಿಕೊಂಡ. “ಇಲ್ಲಿನ ಕೋಟೇನಾ?” ಎಂದು ಮೆಲ್ಲಗೆ ಕೇಳಿದ. ಆಮೇಲೆ ಅಳಿಯನ ಕೈ ಕುಲುಕಿದ. ನಾನೂ ತೋಪಿನವನೇ, ನೀನೂ ತೋಪಿನವನೇ ಎಂದ. ಕಣ್ಣಲ್ಲಿ ನೀರಿತ್ತು. ಅದು ಸುಳ್ಳಲ್ಲ.

ಆ ಮಧ್ಯಾಹ್ನ ಕ್ಲೆಮ್ ತೂಗುಕುರ್ಚಿಯಲ್ಲಿ ಕೂತ. ಬ್ಯೂಫರ್ಡ್ ತಾನೇ ಎದ್ದು ಬಿಯರ್ ತಂದುಕೊಟ್ಟ, ಹಂದಿಮಾಂಸದ ಪಕ್ಕೆಲುಬು ಸುಟ್ಟು ದೊಡ್ಡ ತುಂಡನ್ನೇ ಅಳಿಯನ ತಟ್ಟೆಗೆ ಹಾಕಿದ. ಒಳಗಿನಿಂದ ಹಳೆಯದೊಂದು ಕಿವಿಮುಚ್ಚಳ ತಂದ. ಚರ್ಮ ಬಿರುಕುಬಿಟ್ಟಿತ್ತು.

“ಇದನ್ನ ಯಾವಾಗ್ಲೂ ಹಾಕ್ಕೋ ಮಗನೆ. ನಾನು ಹಾಕ್ಕೊಳ್ಳಲಿಲ್ಲ, ಈಗ ನೋಡು,” ಎಂದು ಎಡಗಿವಿ ಮುಟ್ಟಿಕೊಂಡ.

“ಶತ್ರುವಿನ ಶೆಲ್ಲು ಬಿದ್ದರೆ ಕಿವಿಮುಚ್ಚಳ ಏನು ಮಾಡುತ್ತೆ ಮಾವ?”

“ತಿನ್ನು, ತಿನ್ನು, ಆರಿಹೋಗುತ್ತೆ,” ಎಂದ ಬ್ಯೂಫರ್ಡ್.

ಮಗನೆ ಎಂದಿದ್ದ. ಮೊದಲನೇ ಸಲ. ಕ್ಲೆಮ್ ಕುರ್ಚಿ ತೂಗಿದ. ಅದು ಕಿರುಗುಟ್ಟಿದ್ದು ಅವನಿಗೆ ಜಗತ್ತಿನ ಯಾವ ವಾದ್ಯಕ್ಕಿಂತಲೂ ಇಂಪಾಗಿ ಕೇಳಿಸಿತು.

ಅಷ್ಟರಲ್ಲಿ ಯೋಲಾಂಡಾ ಫೋನು ಮಾಡಿದಳು. ಸಂಜೆ ಸಮುದ್ರದ ಬದಿಯ ಉದ್ಯಾನದಲ್ಲಿ ತೋಪಿನ ದಳ ಅಭ್ಯಾಸ ಮಾಡುತ್ತದಂತೆ, ದಳದ ಸಾರ್ಜೆಂಟ್ ಡೆಲ್ಗಾಡೊ ಹೊಸಬನನ್ನು ನೋಡಬೇಕಂತೆ. “ನನಗೆ ಮಂಡಿ ನೋವು, ನೀವು ಹೋಗಿ ಬನ್ನಿ,” ಎಂದು ಬ್ಯೂಫರ್ಡ್ ಹಿಂಜರಿದ. ಲೆರಾಯ್ ಬಿಡಬೇಕಲ್ಲ! ಮಂಡಿ ಸಮೇತ ಎತ್ತಿ ಟ್ರಕ್ಕಿನಲ್ಲಿ ಕೂರಿಸಿದ.

ಉದ್ಯಾನದ ಹುಲ್ಲಿನ ಮೇಲೆ ನಾಲ್ಕು ತೋಪುಗಳು ಸಮುದ್ರಕ್ಕೆ ಮುಖ ಮಾಡಿ ನಿಂತಿದ್ದವು. ಕ್ಲೆಮ್‌ನ ಎದೆ ಉಬ್ಬಿತು. ಆದರೆ ತೋಪುಗಳ ಹಿಂದೆ ಇನ್ನೂರು ಮಡಿಸುವ ಕುರ್ಚಿ, ಕುರ್ಚಿಗಳ ಮುಂದೆ ಒಂದು ವೇದಿಕೆ, ವೇದಿಕೆಯ ಮೇಲೆ ಬಿಳಿ ಸಮವಸ್ತ್ರದ ಗುಂಪು, ಹಿತ್ತಾಳೆಯ ಥಳಥಳ. ಗುಂಪಿನ ಮುಂದೆ ಕೋಲು ಹಿಡಿದು ನಿಂತಿದ್ದವನ ಬೆನ್ನು ಕ್ಲೆಮ್‌ಗೆ ಎಲ್ಲಿ ಕಂಡರೂ ಗುರುತು ಸಿಗುವಂಥದ್ದು.

ಸಾರ್ಜೆಂಟ್ ಡೆಲ್ಗಾಡೊ ಓಡಿಬಂದು ಎರಡೂ ಕೈ ಹಿಡಿದುಕೊಂಡ. “ಸ್ವರಲಿಪಿ ಓದೋಕೆ ಬರೋನು ನೀನೇ ತಾನೆ? ದೇವರು ದೊಡ್ಡವನು! ಸ್ವಾತಂತ್ರ್ಯದ ಹಬ್ಬದ ಕಛೇರಿಲಿ ಸಂಗೀತದ ನಡುವೆ ತೋಪು ಹಾರಿಸೋದೇ ನಮ್ಮ ಕೆಲಸ. ಹೋದ ವರ್ಷ ನಮ್ಮವನು ತಾಳ ತಪ್ಪಿ ಮೊದಲೇ ಹಾರಿಸಿದ, ಮೇಯರ್ ಹೆಂಡತಿ ಕೈಲಿದ್ದ ಐಸ್‌ಕ್ರೀಮು ಮೇಯರ್ ತಲೆ ಮೇಲಿತ್ತು.”

“ಗುಂಡು?” ಎಂದ ಕ್ಲೆಮ್.

“ಗುಂಡೆಲ್ಲಿ ತರಲಿ? ಬರೀ ಮದ್ದು, ಬರೀ ಸದ್ದು. ಹಬ್ಬಕ್ಕೆ, ಗಣ್ಯರ ಸಾವಿಗೆ, ಸಂಜೆ ಬಾವುಟ ಇಳಿಸೋವಾಗ.” ಡೆಲ್ಗಾಡೊ ಅವನ ಕೈಗೆ ಸ್ವರಲಿಪಿಯ ಹಾಳೆ ತುರುಕಿದ. “ಆ ಕೋಲು ಹಿಡಿದವರನ್ನೇ ನೋಡ್ತಿರಬೇಕು. ಅವರು ಕೋಲು ತೋರಿಸಿದ ಕೂಡಲೇ ನೀನು ಕೈ ಎತ್ತಬೇಕು, ನಮ್ಮವರು ಹಾರಿಸ್ತಾರೆ, ಅಷ್ಟೇ.”

ವೇದಿಕೆಯ ಮೇಲೆ ವಿಟ್ಲಾಕ್ ತಿರುಗಿದ. ನೋಡಿದ. ಹಲ್ಲು ಬಿಟ್ಟ. “ಓಹೋ, ಭೋಂ! ವಾಪಸ್ ಬಂದೆಯಾ? ಈ ಸಲವಾದ್ರೂ ತಾಳಕ್ಕೆ ಸರಿಯಾಗಿ ಭೋಂ ಅನ್ನಪ್ಪ!”

ಅಷ್ಟರಲ್ಲಿ ಡೆಲ್ಗಾಡೊ ಕಣ್ಣಿಗೆ ಕೈ ಅಡ್ಡ ಹಿಡಿದು, ಪಾಪ್‌ಕಾರ್ನ್ ಗಾಡಿಯ ಹಿಂದೆ ಟೊಪ್ಪಿ ಮುಖಕ್ಕೆಳೆದುಕೊಂಡು ಅಡಗಿದ್ದ ಆಕಾರವೊಂದನ್ನು ನೋಡಿದ.

“ಅಲ್ಲಿರೋದು ಸಾರ್ಜೆಂಟ್ ಸ್ಟ್ರೌಡ್ ಅಲ್ವಾ?”

“ನನ್ನ ಮಾವ,” ಎಂದ ಕ್ಲೆಮ್.

“ನಿನ್ನ ಮಾವನಾ? ಅಯ್ಯೋ, ನಂಗೆ ಈ ಕೆಲಸ ಕಲಿಸಿದ್ದೇ ಅವರು! ಕ್ಯಾನ್ಸಸ್‌ನ ಕೋಟೇಲಿ ಇಪ್ಪತ್ತು ವರ್ಷ ಸಂಜೆ ತೋಪು ಅವರೇ ಹಾರಿಸಿದ್ದು. ಮಳೆ ಇರಲಿ, ಹಿಮ ಇರಲಿ, ಒಂದು ಸಂಜೆ ತಪ್ಪಿಸಿದೋರಲ್ಲ. ಕಿವಿಮುಚ್ಚಳ ಹಾಕ್ಕೊಳ್ಳಿ ಅಂದ್ರೆ ಕೇಳ್ತಾನೇ ಇರಲಿಲ್ಲ ಪುಣ್ಯಾತ್ಮ.”

“ಯುದ್ಧ?”

“ಯಾವ ಯುದ್ಧ? ಕ್ಯಾನ್ಸಸ್ ಬಿಟ್ಟು ಕದಲೇ ಇಲ್ಲ.” ತೋಪಿನ ಹತ್ತಿರ ಯಾರೋ ಕರೆದರು, ಡೆಲ್ಗಾಡೊ ಅತ್ತ ಓಡಿದ.

ಕ್ಲೆಮ್ ತಿರುಗಿ ನೋಡಿದ. ಪಾಪ್‌ಕಾರ್ನ್ ಗಾಡಿಯ ಮೇಲಿಂದ ಬ್ಯೂಫರ್ಡನ ಎರಡು ಕಣ್ಣು ಕಾಣುತ್ತಿದ್ದವು. ಕೇಳಿಸಿರಲಿಲ್ಲ, ಆದರೆ ತಿಳಿದಿತ್ತು.

ಅದೇ ಹೊತ್ತಿಗೆ ಲೆರಾಯ್, ಮಿಸ್ ಪರ್ಲ್, ಕ್ಷೌರದಂಗಡಿಯ ಬೆಂಚಿನ ಪೂರ್ತಿ ಬಳಗ ಹುಲ್ಲು ತುಳಿಯುತ್ತ ಬಂತು. ಲೆರಾಯ್ ಕ್ಲೆಮ್‌ನ ಕೈಯಲ್ಲಿದ್ದ ಹಾಳೆ ನೋಡಿದ, ತೋಪು ನೋಡಿದ, ವೇದಿಕೆ ನೋಡಿದ. ಅವನ ತುಟಿ ಅದುರತೊಡಗಿತು.

“ಬ್ಯೂಫರ್ಡ್! ಬಾರಯ್ಯ ಇಲ್ಲಿ! ನಿನ್ನ ಅಳಿಯ ತೋಪನ್ನ ನೋಟ್ಸ್ ನೋಡ್ಕೊಂಡು ಹಾರಿಸ್ತಾನಂತೆ! ಏನಂತೀಯ?”

ಎಲ್ಲರೂ ಬ್ಯೂಫರ್ಡನ ಕಡೆ ತಿರುಗಿದರು. ಅವನು ಗಾಡಿಯ ಹಿಂದಿನಿಂದ ಹೊರಗೆ ಬಂದ. ಟೊಪ್ಪಿ ಸರಿ ಮಾಡಿಕೊಂಡ. ಅಳಿಯನ ಮುಖ ನೋಡಿದ. ಏನನ್ನೋ ಬೇಡುವವನ ಹಾಗೆ ಕಣ್ಣು ತೇವವಾಗಿತ್ತು. ಬಾಯಿ ಮಾತ್ರ ತನ್ನ ಹಳೆಯ ಚಾಳಿಯಂತೆ ತಾನೇ ತೆರೆದುಕೊಂಡಿತು.

“ಏನನ್ನಲಿ? ನಮ್ಮ ಕಾಲದಲ್ಲಿ ಶತ್ರು ಕಡೆ ಗುರಿ ಇಟ್ಟು ಹಾರಿಸ್ತಿದ್ವಿ. ಇವನು ಹೋದ ವರ್ಷದವನ ಹಾಗೆ ಮೇಯರ್ ಐಸ್‌ಕ್ರೀಮಿಗೆ ಗುರಿ ಇಡ್ತಾನೆ! ನಾಳೆಯಿಂದ ಐಸ್ ಪೆಟ್ಟಿಗೆ ಮೇಲೇ ಕೂತ್ಕೊಳ್ಳಪ್ಪ ಅಳಿಯ!”

ಉದ್ಯಾನಕ್ಕೆ ಉದ್ಯಾನವೇ ನಕ್ಕಿತು. ವೇದಿಕೆಯ ಮೇಲಿನ ಕೊಳಲಿನವರೂ ನಕ್ಕರು.

ಕ್ಲೆಮ್‌ನ ಬಾಯಿ ತೆರೆಯಿತು. ನಾಲಗೆಯ ತುದಿಯಲ್ಲಿ ‘ಕ್ಯಾನ್ಸಸ್’ ಎಂಬ ಒಂದೇ ಒಂದು ಹೆಸರಿತ್ತು, ಆ ಹೆಸರು ಸಾಕಿತ್ತು. ನಗುತ್ತಿದ್ದವರ ನಡುವೆ ನಗದೆ ನಿಂತಿದ್ದವನು ಬ್ಯೂಫರ್ಡ್ ಒಬ್ಬನೇ. ಕೇಳುವ ಬಲಗಿವಿಯನ್ನು ಅಳಿಯನ ಕಡೆ ತಿರುಗಿಸಿ, ಏಟಿಗೆ ಕೆನ್ನೆ ಒಡ್ಡಿದ ಹುಡುಗನ ಹಾಗೆ ಕಾಯುತ್ತಿದ್ದ.

ಕ್ಲೆಮ್ ಬಾಯಿ ಮುಚ್ಚಿದ. ಜೇಬಿನಿಂದ ಬಿರುಕುಬಿಟ್ಟ ಕಿವಿಮುಚ್ಚಳ ತೆಗೆದು ತಲೆಗೇರಿಸಿಕೊಂಡ. ಹಾಳೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ತೋಪಿನ ಕಡೆ ನಡೆದ.