ಹಳದಿ ಹೊದಿಕೆಯ ಅತಿಥಿ

ಇಂದು ಮಾಡಿದ ಕೆಲಸಗಳು: ರೊಟ್ಟಿ ಬಡಿದೆ, ಮಗ್ಗದ ಕೆಳಗಿನ ನೂಲಿನ ಧೂಳು ಗುಡಿಸಿದೆ, ಅತ್ತೆಯ ಕಣ್ಣಿಗೆ ಔಷಧ ಹಾಕಿದೆ, ಅವರ ಹನ್ನೆರಡು ಸೀರೆ ಅಂಚುಗಳನ್ನು ಕಳೆದೆ.

ಆ ಅಂಚುಗಳ ವಿನ್ಯಾಸವನ್ನು ಅತ್ತೆ ಎಳೆ ಎಣಿಸಿ ಎಣಿಸಿ ಹೇಳಿದ್ದರು, ನಾನು ಕಂಪ್ಯೂಟರಿಗೆ ಹಾಕಿದ್ದೆ. ಈಗ ಅವರಿಗೆ ಕಣ್ಣು ಮಂದ, ಎಣಿಕೆಯೂ ನಡುವೆ ತಪ್ಪುತ್ತದೆ. ಮತ್ತೆ ಹೇಳಿ ಎನ್ನುವಂತಿಲ್ಲ. ಜಾಗ ಉಳಿಯಲೆಂದು ಎಲ್ಲವನ್ನೂ ಪೆನ್ ಡ್ರೈವಿಗೆ ಸಾಗಿಸಿ, ಕಂಪ್ಯೂಟರಿನಿಂದ ಅಳಿಸಿದ್ದು ನನ್ನ ಜಾಣತನ. ಬನಹಟ್ಟಿಯ ನಮ್ಮ ಓಣಿಯಲ್ಲಿ ಪೆನ್ ಡ್ರೈವ್ ಮೊಸರಿನ ಹೆಪ್ಪಿನಂತೆ ಮನೆಯಿಂದ ಮನೆಗೆ ಹೋಗುತ್ತದೆ. ನಿನ್ನೆ ಎದುರುಮನೆ ಶಾಂತಕ್ಕನಿಗೆ ಕೊಟ್ಟಿದ್ದೆ. ಇಂದು ಮುಂಜಾನೆ ಮರಳಿ ಬಂತು.

ತೆರೆದರೆ ಹನ್ನೆರಡೂ ಫೋಲ್ಡರುಗಳು ಹಳದಿ ಹೊದಿಕೆ ಹೊದ್ದು ಸಾಲಾಗಿ ಕೂತಿದ್ದವು. ಒತ್ತಿದರೆ ಒಂದೂ ತೆರೆಯಲಿಲ್ಲ. ಹನ್ನೆರಡರ ಮುಂದೆಯೂ ಒಂದೇ ಅಳತೆ ಬರೆದಿತ್ತು. ಎಳೆ ಎಣಿಸುವ ಮನೆಯವಳಾಗಿಯೂ ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಒಂದನ್ನು ಅಳಿಸಿದೆ, ಬೆರಳು ಎತ್ತುವುದರೊಳಗೆ ಮತ್ತೆ ಹಾಜರು. ಕಂಪ್ಯೂಟರಿನೊಳಗೆ ಏನೇನು ನಡೆದಿದೆ ಎಂದು ತೋರಿಸುವ ಕಿಟಕಿ ತೆರೆದರೆ, ನಾನು ಓದುವ ಮೊದಲೇ ಅದು ಮುಚ್ಚಿಕೊಂಡಿತು. ಶಾಂತಕ್ಕನ ಮನೆಯ ಸ್ವಚ್ಛತೆಯ ಬಗ್ಗೆ ಅತ್ತೆಯ ಮುಂದೆ, ಎದುರುಮನೆಗೂ ಕೇಳುವಂತೆ, ಒಂದು ತಾಸು ಮಾತಾಡಿದೆ.

ಮಧ್ಯಾಹ್ನ ಜಮಖಂಡಿಯಿಂದ ಕಂಪ್ಯೂಟರ್ ರಿಪೇರಿಯ ಈರಣ್ಣ ಬಂದ. ನೋಡಿದವನೇ, "ಅಕ್ಕಾರ, ಇವು ನಿಮ್ಮ ಫೋಲ್ಡರ್ ಅಲ್ರಿ. ವೈರಸ್ಸು ಅವುಗಳ ಹೆಸರು ಇಟಗೊಂಡು ಕುಂತೈತಿ, ಅದಕ್ಕ ಹನ್ನೆರಡರದೂ ಒಂದ ಅಳತಿ. ಖರೇದ್ದನ್ನ ಬಚ್ಚಿಟ್ಟೈತಿ, ಅಳಿಸಿಲ್ಲ" ಎಂದ.

ಕೇಳುತ್ತಾ ಹೋದಂತೆ ನನಗೆ ಅದರ ಮೇಲೆ ಗೌರವ ಬಂತು. ಕಂಪ್ಯೂಟರ್ ಏಳುವಾಗಲೇ ಅದೂ ಎದ್ದು ಕೆಲಸಕ್ಕೆ ಕೂಡುತ್ತದಂತೆ. ಸದ್ದಿಲ್ಲ, ಗೊಣಗಾಟವಿಲ್ಲ. ಯಾವ ಪೆನ್ ಡ್ರೈವ್ ಬಂದರೂ ತನ್ನದೊಂದು ಪ್ರತಿ ಕೊಟ್ಟೇ ಕಳಿಸುತ್ತದಂತೆ. ಬಂದ ಮುತ್ತೈದೆಗೆ ಅರಿಶಿನ ಕುಂಕುಮ ಕೊಡದೆ ಕಳಿಸದ ಗೃಹಿಣಿಯಂತೆ. ಈ ಮನೆಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ ನನಗೆ ಈ ಶಿಸ್ತು ಹತ್ತಿಲ್ಲ.

ಬಚ್ಚಿಟ್ಟ ಹನ್ನೆರಡೂ ಅಂಚುಗಳನ್ನು ಈರಣ್ಣ ಹೊರತೆಗೆದ. ಅತ್ತೆ ಕಂಪ್ಯೂಟರಿನ ತೆರೆಗೆ ಮುಖ ಹಚ್ಚಿ, ಬೆರಳಿಂದ ಒಂದೊಂದನ್ನೂ ಎಣಿಸಿದರು. ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಈರಣ್ಣ ತಾರೀಖು ನೋಡಿ, ಈ ವೈರಸ್ಸು ನಮ್ಮ ಕಂಪ್ಯೂಟರಿನಲ್ಲಿ ದಸರೆಯಿಂದಲೇ ಇದೆ, ಶಾಂತಕ್ಕನ ಮನೆಗೆ ಹೋದದ್ದೂ ಇಲ್ಲಿಂದಲೇ ಎಂದುಬಿಟ್ಟ.

ಅತ್ತೆ ತೆರೆಯಿಂದ ಮುಖ ತಿರುಗಿಸದೆ ಕೇಳಿದರು: "ಹಂಗಾರ ಕಸ್ತೂರಿ, ಮುಂಜಾನಿಂದ ಬೈದಿದ್ದನ್ನೆಲ್ಲ ಈಗ ಯಾರ ಹೆಸರಿಗೆ ಹಚ್ಚೂದು?"

ಅವರ ಕಂಪ್ಯೂಟರನ್ನೂ ಸರಿಮಾಡಿಸಲೆಂದು ಈರಣ್ಣನನ್ನು ಕರೆದುಕೊಂಡೇ ಎದುರುಮನೆಗೆ ಹೋದೆ. ಶಾಂತಕ್ಕ ಬಾಗಿಲಲ್ಲೇ ನನ್ನ ಕೈಯಲ್ಲಿ ಡಬ್ಬಿ ಇಟ್ಟಳು. "ನಮ್ಮ ಕಂಪ್ಯೂಟರಿಂದ ನಿಮ್ಮ ಅತ್ತಿಯ ಅಂಚು ಹಾಳಾದ್ವು ಅಂತ ತಿಳದ, ಮಾರಿ ತೋರ್ಸಾಕ ನಾಚಿಕಿ ಆತು. ಕಡ್ಲಿಹಿಟ್ಟಿನ ಝುಣಕಾ ಮಾಡೇನಿ, ಸಿಟ್ಟಾಗಬ್ಯಾಡ" ಎಂದಳು.

ನಿಜ ಹೇಳಿದೆ. ಆದರೆ ಡಬ್ಬಿಯನ್ನು ಸೊಂಟಕ್ಕೆ ಭದ್ರವಾಗಿ ಆನಿಸಿಕೊಂಡ ಮೇಲೆ.

ಊಟಕ್ಕೆ ರೊಟ್ಟಿ, ಶಾಂತಕ್ಕನ ಝುಣಕ. ಹನ್ನೆರಡೂ ಅಂಚು ಸಿಕ್ಕ ನೆಮ್ಮದಿಯಲ್ಲಿ ಮೊದಲು ಮಲಗಿದವರು ಅತ್ತೆ.