ರೈತರಿಗೊಂದು ಚೀಲ, ಡ್ರೈವರಿಗೊಂದು ಚೀಲ

ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಪ್ರೋಗ್ರಾಂ ಬರೆಯುವವನು, ಪ್ರಸಂಗ ಹೇಳಲು ಬರುವುದಿಲ್ಲ. ದಿನಾ ಚಾಮರಾಜನಗರದಿಂದ ಬೈಕಿನಲ್ಲಿ ಗುಂಡ್ಲುಪೇಟೆಯ ಒಂದು ತರಕಾರಿ ಮಂಡಿಗೆ ಹೋಗುತ್ತೇನೆ. ಅಲ್ಲಿ ನಾನು ಕಂಪ್ಯೂಟರ್ ಇಟ್ಟಾಗಿನಿಂದ ಇಂಥದ್ದು ಆಗುತ್ತಲೇ ಇದೆ.

೧. ಊರಿನ ಹೆಸರು

ವಿವರಿಸಿಬಿಡುತ್ತೇನೆ. ಹೆಸರು, ಊರು, ಫೋನ್ ನಂಬರು ಎಲ್ಲವೂ ಕಂಪ್ಯೂಟರಿಗೆ ಬರೀ ಅಕ್ಷರಗಳ ಸಾಲು. ಅದಕ್ಕೆ ಸ್ಟ್ರಿಂಗ್ ಎನ್ನುತ್ತಾರೆ. ಯಾವುದನ್ನು ಎಲ್ಲಿ ಕೊಟ್ಟರೂ ನುಂಗುತ್ತದೆ. ನಾನು ಎರಡನ್ನು ಅದಲುಬದಲು ಮಾಡಿದ್ದೆ. ರೈತರೊಬ್ಬರ ಚೀಟಿಯಲ್ಲಿ ಹೆಸರು ಹಂಗಳ, ಊರು ಮಾದಪ್ಪ ಎಂದು ಬಂತು.

ಅವರು ಅದನ್ನು ಎಲ್ಲರಿಗೂ ತೋರಿಸಿದರು. "ನೋಡ್ರುಲಾ, ಪಂಚಾಯ್ತಿಯೋರು ಒಂದ್ ಬೀದಿಗೂ ನನ್ನೆಸ್ರು ಇಡ್ನಿಲ್ಲ. ಈವಯ್ಯ ಊರ್ಗೇ ಇಟ್ಬುಟ್ಟವ್ನೆ!"

ಮಂಡಿಯ ಯಜಮಾನರು ಮಾತ್ರ ನಗಲಿಲ್ಲ.

೨. ಹೊರಡಿ

ಲಾರಿ ತುಂಬಿದ ಮೇಲೆ ಡ್ರೈವರಿಗೆ "ಲೋಡ್ ಆಗಿದೆ, ಹೊರಡಿ" ಎಂದು ಮೆಸೇಜ್ ಹೋಗುತ್ತದೆ. ಮೆಸೇಜ್ ಇಲ್ಲದೆ ಯಾರೂ ಹೊರಡಬಾರದು ಎಂಬ ನಿಯಮ ತಂದವನೂ ನಾನೇ. ಅವತ್ತು ಕೇರಳಕ್ಕೆ ಬೀನ್ಸ್. ರಾತ್ರಿ ಒಂಬತ್ತಕ್ಕೆ ದಾರಿಯಲ್ಲಿರುವ ಬಂಡೀಪುರ ಕಾಡಿನ ಗೇಟು ಮುಚ್ಚುತ್ತದೆ. ಡ್ರೈವರ್ ನೋಡಿದರೆ ಹೋಟೆಲಿನಲ್ಲಿ ಮೂರನೇ ಟೀ ಕುಡಿಯುತ್ತಿದ್ದಾನೆ.

ಏಳೂವರೆಗೆ ಅದೇ ಮಾದಪ್ಪನವರು ಸ್ವೆಟರ್ ಹಾಕಿಕೊಂಡು, ಬ್ಯಾಗ್ ಹಿಡಿದು ಬಂದರು. "ಮೆಸೇಜ್ ಬಂತು. ಎಲ್ಗ್ ಸಾ ಓಗ್ಬೇಕು?"

ಲಾರಿ ಹೇಗೋ ಗೇಟು ದಾಟಿತು. ಯಜಮಾನರು ನನಗೆ ಹೇಳಿದರು, "ಇನ್ನೊಂದ್ ಸಲ ಇಂಗಾದ್ರೆ ನಿನ್ ಕಂಪ್ಯೂಟರ್ನ ಈರುಳ್ಳಿ ಚೀಲಕ್ ತುಂಬಿ ನಿನ್ ಬೈಕಿಗೇ ಕಟ್ಬುಡ್ತೀನಿ ಕಣಪ್ಪ."

೩. ಚೀಲ

ಆ ಭಯಕ್ಕೆ ಸ್ಟ್ರಿಂಗುಗಳನ್ನು ಹಾಗೇ ಬಿಡದೆ, ಒಂದೊಂದಕ್ಕೂ ಟೈಪ್ ಎಂಬ ನಮ್ಮದೇ ಹೊದಿಕೆ ಮಾಡಿ ಸುತ್ತಿದೆ. ಅಂದರೆ, ಚೀಲಕ್ಕೆ ತುಂಬಿ ಮೇಲೆ ಗುರುತು ಬರೆದ ಹಾಗೆ. ರೈತರ ನಂಬರಿಗೊಂದು ಚೀಲ, ಡ್ರೈವರ್ ನಂಬರಿಗೊಂದು ಚೀಲ. ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟರೆ ಪ್ರೋಗ್ರಾಂ ಒಪ್ಪುವುದೇ ಇಲ್ಲ.

ಇವತ್ತು ಡ್ರೈವರಿಗೆ ಜ್ವರ. "ನನ್ತಾವೂ ಲೈಸೆನ್ಸ್ ಅದೆ" ಎಂದು ಮಾದಪ್ಪನವರೇ ಲಾರಿ ಹತ್ತಿದರು. ನಾನು ಅವರ ನಂಬರು ಹಾಕಿದೆ. "ಇದು ರೈತರ ನಂಬರು. ರೈತರಿಗೆ ಹೊರಡಲು ಹೇಳುವಂತಿಲ್ಲ" ಎಂದು ಸ್ಕ್ರೀನಿನಲ್ಲಿ ಬಂತು. ಮತ್ತೆ ಹಾಕಿದೆ. ಮತ್ತೆ ಅದೇ. ಗಂಟೆ ಎಂಟು. ಯಜಮಾನರು ಗಡಿಯಾರ ನೋಡಿದರು.

ಮಾದಪ್ಪನವರು ಲಾರಿ ಇಳಿದು ನನ್ನ ಮುಂದೆ ಬಂದು ನಿಂತರು. "ಎದುರ್ಗೇ ನಿಂತಿವ್ನಲ್ಲ ಸಾ, ಬಾಯಲ್ಲೇ ಏಳ್ಬುಡಿ."

"ಹೊರಡಿ" ಎಂದೆ. ಹೊರಟರು.

ಈ ತಪ್ಪು ನನ್ನದಲ್ಲ, ಯಾಕೆಂದರೆ ರೈತರೂ ಡ್ರೈವರೂ ಒಬ್ಬರೇ ಆದಾಗ ಮೂರನೇ ಟೈಪ್ ಬೇಕಾಗುತ್ತದೆ, ಅಂದರೆ ಆ ಎರಡು ಚೀಲಗಳನ್ನೂ ಮೊದಲು... ಯಜಮಾನರು ಕರೆಯುತ್ತಿದ್ದಾರೆ.

"ಬಾರಪ್ಪ ಇಲ್ಲಿ. ಬರ್ತಾ ಒಂದ್ ಖಾಲಿ ಚೀಲ ತಕಂಡ್ ಬಾ."